ಕಾಗೆಗೆ ಕಾವಲು, ಕೈಯಲ್ಲಿ ಕಾದಂಬರಿ

ಅತ್ತೆ,

ನಿಮ್ಮನ್ನು ಎಬ್ಬಿಸಲಿಲ್ಲ. ಕಾರವಾರದ ಬಸ್ಸಿಗೆ ಹೊತ್ತಾಯಿತು. ಗಂಜಿ ಒಲೆಯ ಮೇಲಿದೆ, ನಿನ್ನೆಯ ಸಾರನ್ನು ಕುದಿಸಿಟ್ಟಿದ್ದೇನೆ.

ಉಪ್ಪು ಹಾಕಿದ ಬಂಗಡೆ ಬುಟ್ಟಿಯಲ್ಲಿದೆ. ಬಿಸಿಲು ಬಿದ್ದ ಕೂಡಲೇ ಅಂಗಳದ ಚಾಪೆಯ ಮೇಲೆ ಹರಡಿ. ಮಳೆಗಾಲಕ್ಕೆ ಉಳಿದಿರುವುದು ಅಷ್ಟೇ. ನಿನ್ನೆ ಕಾಗೆ ಕಾಯಲು ಕೂತವರು ನೀವು, ಬಾವಿಯೊಳಗಿನ ಕತ್ತಲೂರಿನ ಆ ಕಾದಂಬರಿ ಹಿಡಿದಿರಿ. ಕಾಗೆಗಳು ಅರ್ಧ ಚಾಪೆ ಖಾಲಿ ಮಾಡಿದವು. ನಾನು ದಣಿದು ಬಂದು ಕೂಗಿದರೆ, "ತಡಿ ಮಾರಾಯ್ತಿ, ಆ ಹುಡ್ಗಿ ಇನ್ನೂ ಬಾವಿಂದ ಮೇಲೆ ಬರ್ಲಿಲ್ಲ" ಅಂದಿರಿ.

ಬಾವಿಯ ಕೆಳಗೆ ಊರಿದೆ, ಅಲ್ಲಿಯವರಿಗೆ ಕಣ್ಣಿಲ್ಲ ಎಂದೆಲ್ಲ ಮೊಮ್ಮಗಳು ಮನಿಷಾಗೆ ಹೇಳಬೇಡಿ. ಅವಳು ನೀರು ಸೇದುವುದನ್ನೇ ಬಿಟ್ಟಿದ್ದಾಳೆ. ಈಗ ಆ ಕೊಡಗಳೂ ನನ್ನ ಸೊಂಟಕ್ಕೇ. ಪಕ್ಕದ ಮನೆಯ ನಿಶಾಗೂ ಪುಸ್ತಕ ಬೇಕಂತೆ. ಮಳೆ ಹಿಡಿದ ಮೇಲೆ ಕೊಡಿ, ಅವಳ ಮನೆಯ ಮೀನಾದರೂ ಉಳಿಯಲಿ.

ಸಿಟ್ಟಿನಲ್ಲಿ ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿಕೊಂಡಿದ್ದೆ. ಅಂಕೋಲೆಯ ಲೈಬ್ರರಿಗೆ ವಾಪಸ್ ಕೊಟ್ಟುಬಿಡೋಣ ಅಂತ. ಬೇಲಿಯ ದಣಪೆ ದಾಟಿ ದಾರಿಗಿಳಿದವಳು ತಿರುಗಿ ಬಂದೆ. ಮಾವ ಹೋದ ಮೇಲೆ ಈ ಮನೆಯಲ್ಲಿ ನಿಮ್ಮ ದನಿ ಕೇಳಿಸಿದ್ದು ಆ ಹುಡುಗಿ ಬಾವಿಗೆ ಇಳಿದ ಮೇಲೆಯೇ.

ಪುಸ್ತಕ ಮೀನಿನ ಬುಟ್ಟಿಯ ಮುಚ್ಚಳದ ಮೇಲಿದೆ. ಕೋಲು ಪಕ್ಕದಲ್ಲೇ ಇದೆ. ಓದಿ, ಆದರೆ ಮನಸ್ಸಿನಲ್ಲೇ ಓದಿಕೊಳ್ಳಬೇಡಿ. ಗಟ್ಟಿಯಾಗಿ ಓದಿ. ಕಾಗೆಗಳೂ ಸ್ವಲ್ಪ ಹೆದರಲಿ.

ನಂದಿನಿ