ಸಂಕ ಕಡಿದು ಗೆದ್ದವರು

ಕೋಣಂದೂರು,
ತಾ. ೪-೩-೧೯೬೩

ಪ್ರೀತಿಯ ತಮ್ಮ ಜಟ್ಟಿಂಗಪ್ಪನಿಗೆ,

ಮೈ ಹ್ಯಾಗಿದೆ? ಕಾಂಗೋ ದೇಶದ ಸೊಳ್ಳೆ ನಮ್ಮೂರ ಸೊಳ್ಳೆಗಿಂತ ದೊಡ್ಡದಾ? ಮಿಲ್ಟ್ರಿಯವರು ಕೊಡೋ ಜ್ವರದ ಗುಳಿಗೆ ತಪ್ಪಿಸಬೇಡ. ಮೊದಲು ಒಳ್ಳೆ ಸುದ್ದಿ ಕೇಳು. ಶಿವರಾತ್ರಿಗೆ ನಾಲ್ಕು ದಿನ ಮುಂಚೆ ನಿನ್ನ ಹೆಂಡತಿ ಕೆರಿಯಮ್ಮ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಗಟ್ಟಿ. ಬಣ್ಣ ನಿಂದು, ಗಂಟಲು ನಂದು. ಅತ್ತರೆ ಹಳ್ಳದ ಆಚೆ ಕೇರಿಗೂ ಕೇಳುತ್ತೆ. ನಗೋದಿದ್ರೆ ಇಲ್ಲೇ ನಕ್ಕುಬಿಡು, ಮುಂದೆ ನಗೋ ಸುದ್ದಿ ಇಲ್ಲ. ಹದಿನೈದು ದಿನ ಆಯ್ತು, ನನ್ನ ಸಿಟ್ಟು ಇಳಿತಾ ಇಲ್ಲ.

ನಿನ್ನ ಕಾಗದ ಬಂದಾಗ ಜಗಲಿ ಮೇಲೆ ಕೂತು ನಾನೇ ಓದಿದೆ. ಮೂರನೇ ಕ್ಲಾಸಿನವನು ನಮ್ಮ ಕೇರಿಗೆ ಪಂಡಿತ ಅಲ್ವಾ! ಅಲ್ಲಿ ಒಂದೇ ದೇಶದವರು ಎರಡು ಪಾಲಾಗಿ ಹೊಡೆದಾಡಿದ್ದು, ನಿಮ್ಮ ಎದುರು ಕಡೆಯವರು ಹೊಳೆಯ ಸೇತುವೆ ಮುರಿದದ್ದು, ಆದರೂ ಶಾಂತಿ ಕಾಯಕ್ಕೆ ಹೋದ ನೀವು ದಾಟಿದ್ದು, ಆ ಒಂದು ಕಾಳಗದಿಂದ ಇಡೀ ಯುದ್ಧದ ದಿಕ್ಕೇ ತಿರುಗಿದ್ದು, ಎಲ್ಲಾ ಓದಿದೆ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. "ನೋಡ್ರೋ, ಒಂದು ಸೇತುವೆಗೆ ದೇಶ ಅಲ್ಲಾಡುತ್ತೆ, ನಮ್ಮ ಹಳ್ಳ ದಾಟೋ ಮರದ ಸಂಕಕ್ಕೆ ಆಚೆ ಕೇರಿ ಅಲ್ಲಾಡಲ್ವಾ" ಅಂದೆ. ತಮಾಷೆಗೆ ಅಂದೆ ಮಾರಾಯ.

ಶಾಲೆ ಹಳ್ಳದ ಈಚೆಗೋ ಆಚೆಗೋ ಅಂತ ಎರಡು ವರ್ಷದ ಜಗಳ ನಿಂಗೆ ಗೊತ್ತಲ್ಲ. ಶಾಲೆ ಬರಲಿಲ್ಲ, ಜಗಳ ಮಾತ್ರ ಪಾಸಾಗಿ ಮೇಲಿನ ಕ್ಲಾಸಿಗೆ ಹೋಯ್ತು. ಎಲ್ಲಾ ನೆಂಟರೇ, ಆದರೂ ಈ ಸಲ ಕೊಯ್ಲಿಗೆ ಮುಯ್ಯಾಳೂ ನಿಂತಿತ್ತು. ಅವರ ಗದ್ದೆಗೆ ನಾವಿಲ್ಲ, ನಮ್ಮ ಗದ್ದೆಗೆ ಅವರಿಲ್ಲ. ಅಂತೂ ಶಿವರಾತ್ರಿ ದಿನ ಒಟ್ಟಿಗೆ ಕೂತು ಮುಗಿಸೋಣ ಅಂತ ಹಿರಿಯರು ಒಪ್ಪಿದ್ದರು.

ಕಾಗದ ಓದಿದ ಮಾರನೇ ಬೆಳಿಗ್ಗೆ ದೊಡ್ಡಪ್ಪನ ಮಗ ಮಂಜುನಾಥಪ್ಪ ನಮ್ಮ ಕೇರಿಯ ಆರು ಜನರನ್ನ ಕಟ್ಟಿಕೊಂಡು ಹೋಗಿ ಸಂಕದ ಮರಗಳನ್ನೇ ಕಡಿದು ಕೆಡವಿದ. "ನಿನ್ನ ತಮ್ಮ ಹೇಳಿಕೊಟ್ಟ ಪಟ್ಟು ಕಣಾ ಬೆಳ್ಳಣ್ಣ" ಅಂತ ನನ್ನೆದುರು ಮೀಸೆ ತಿರುವಿದ. ಅಲ್ಲಾ, ಸೇತುವೆ ಮುರಿದವರು ಸೋತರು ಅಂತಲ್ವಾ ನೀನು ಬರೆದದ್ದು? ಈ ಗೂಬೆಗಳಿಗೆ ಮುರಿದದ್ದೊಂದೇ ತಲೆಗೆ ಹೋಯ್ತು.

ಅದೇ ಮಧ್ಯಾಹ್ನ ಕೆರಿಯಮ್ಮಂಗೆ ನೋವು ಶುರು. ಸೂಲಗಿತ್ತಿ ಗುತ್ಯಮ್ಮಜ್ಜಿ ಇರೋದು ಆಚೆ ಕೇರೀಲಿ. ನಾನು ದಡದಲ್ಲಿ ನಿಂತು ಕೂಗಿದೆ. ಅವರ ಕಡೆಯವರು ಅಜ್ಜಿಗೆ ಅಡ್ಡ ನಿಂತರು. "ಹುಟ್ಟೋ ಕೂಸಿಗೆ ಎಂತಾ ಕೇರಿಯೋ, ದಾರಿ ಬಿಡ್ರೋ" ಅಂತ ಮುದುಕಿ ಹಳ್ಳಕ್ಕೆ ಇಳಿದೇ ಬಿಟ್ಟಳು. ನೀರು ಮೊಣಕಾಲುದ್ದ, ಕಲ್ಲಿನ ಮೇಲೆಲ್ಲ ಪಾಚಿ. ಜಾರಿ ಬಿದ್ದು ಕಾಲು ಮುರೀತು. ಬೆನ್ನ ಮೇಲೆ ಹೊತ್ತು ತಂದೆ. ಮುರಿದ ಕಾಲು ಚಾಚಿ, ಗೋಡೆಗೆ ಒರಗಿ ಕೂತೇ ನಿನ್ನ ಮಗಳನ್ನ ಹೊರಗೆ ತಂದಳು. ಹೆತ್ತವಳಿಗಿಂತ ಹೆಚ್ಚು ಹಲ್ಲು ಕಚ್ಚಿದ್ದು ಅಜ್ಜಿ. ಸಂಜೆ ಅವರ ಕೇರಿಯ ನಾಲ್ಕು ಜನ ಬಂದು ಕಂಬಳಿಯಲ್ಲಿ ಹೊತ್ತುಕೊಂಡು ಹೊರಟರು. ಒಂದು ಮೂಲೆ ಹಿಡಿಯಕ್ಕೆ ನಾನು ಕೈ ಹಾಕಿದೆ. "ನಿಮ್ಮ ಕೈ ಬ್ಯಾಡ" ಅಂದರು.

ಶಿವರಾತ್ರಿಗೆ ಯಾರೂ ಬರಲಿಲ್ಲ. ಮೊದಲು ಅವರಲ್ಲಿ ಅರ್ಧ ಜನ ರಾಜಿಗೆ ಇದ್ದರು, ಈಗ ಒಬ್ಬನೂ ಇಲ್ಲ. ಮಂಜುನಾಥಪ್ಪ ಇನ್ನೂ ಗೆದ್ದೆವು ಅಂತಾನೆ. ಎಂತ ಗೆದ್ದೆಯೋ ಅಂದರೆ ಸಂಕ ಇಲ್ಲದ ಹಳ್ಳ ತೋರಿಸ್ತಾನೆ. ಅವನನ್ನ ಒದೀಬೇಕು ಅನ್ಸುತ್ತೆ, ಅವನಿಗಿಂತ ಮೊದಲು ನನ್ನನ್ನ. ಸಂಕ ಕಟ್ಟಿದರೆ ಸೋತ ಹಾಗೆ ಅಂತ ನಮ್ಮವರು, ಕಡಿದವರೇ ಕಟ್ಟಲಿ ಅಂತ ಅವರು. ಮಳೆ ಹಿಡಿದರೆ ಹಳ್ಳದಲ್ಲಿ ಆಳು ಮುಳುಗೋಷ್ಟು ನೀರು. ಈ ಕೇರೀಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ.

ಕೆರಿಯಮ್ಮ ನಮಸ್ಕಾರ ಹೇಳಿದ್ದಾಳೆ, ಮಗಳು ಕಿರುಚಿ ಹೇಳಿದ್ದಾಳೆ. ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಣ್ಣ,
ಬೆಳ್ಳಪ್ಪ

ಮತ್ತೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಮಂಜುನಾಥಪ್ಪಂಗೆ ನಿನ್ನ ಕಾಗದ ಅಂದರೆ ಈಗಲೂ ವೇದ. ಕೂಡಲೇ ಇನ್ನೊಂದು ಹಾಕು, ಮಳೆಗೆ ಮುಂಚೆ ನನ್ನ ಕೈ ಸೇರಬೇಕು. ಆ ಹೊಳೆ ದಾಟಿ ಗೆದ್ದ ಮೇಲೆ, ಗೆದ್ದವರೇ ಮೊದಲು ಸೇತುವೆ ಕಟ್ಟಿಕೊಟ್ಟರು ಅಂತ ದೊಡ್ಡ ಅಕ್ಷರದಲ್ಲಿ ಬರಿ. ಕಟ್ಟಿರದಿದ್ದರೂ ಬರಿ.