ಹನ್ನೊಂದು ಗಂಟೆಯ ಆಟ

ಸೋಮವಾರ, ಬೆಳಿಗ್ಗೆ
ಮೀನು ಕತ್ತರಿಸುವ ಕೋಣೆಯಿಂದ

ಪಿಟೀಲಿನ ಅಮ್ಮನಿಗೆ,

ನನ್ನ ಅಕ್ಷರ ಕಂಡ ಮೇಲೂ ಲಕೋಟೆ ಹರಿದು ಬಿಸಾಡದೆ ಇಲ್ಲಿಯವರೆಗೆ ಬಂದಿದ್ದೀಯಾದರೆ, ಪೂರ್ತಿ ಓದಿಬಿಡು. ಇದು ಕ್ಷಮೆ ಕೇಳುವ ಪತ್ರವಲ್ಲ. ಹಿಂದೆ ಅಂಥದ್ದನ್ನು ಬರೆದಾಗಲೆಲ್ಲ ಕೊನೆಗೆ ತಪ್ಪೆಲ್ಲ ನಿನ್ನ ತಲೆಗೇ ಬಂದಿರುತ್ತಿತ್ತು ಎಂದು ನೀನೇ ಹೇಳಿದ್ದೆ. ನಿನ್ನೆ ನಾನೂ ಮಗಳೂ ಈ ಊರು ಸುತ್ತಿದ್ದು ಹೇಗೆ ಎಂದಷ್ಟೇ ಹೇಳುತ್ತೇನೆ. ಗುರುವಾರ ನ್ಯಾಯಾಧೀಶರು ಅವಳನ್ನು ಒಳಗೆ ಕರೆದು, ಅಪ್ಪನ ಹತ್ತಿರ ಇರುತ್ತೀಯೋ ಅಮ್ಮನ ಹತ್ತಿರವೋ ಎಂದು ಕೇಳುತ್ತಾರಲ್ಲ, ಅದಕ್ಕೆ ಮೊದಲು ನಿನಗಿದು ಗೊತ್ತಿರಬೇಕು.

ಬಸ್ ನಿಲ್ದಾಣದಲ್ಲಿ ಅವಳು ನನ್ನನ್ನು ಕಂಡು ಓಡಿಬಂದದ್ದನ್ನು ನೀನೇ ನೋಡಿದೆ. ಒಂದು ಚಪ್ಪಲಿ ದಾರಿಯಲ್ಲೇ ಕಳಚಿತು. ಅವಳು ಹಿಂತಿರುಗಿಯೂ ನೋಡಲಿಲ್ಲ. ನೀನು ಅದನ್ನು ಎತ್ತಿಕೊಂಡು ಬಂದು ನನ್ನ ಕಾಲ ಬಳಿ ಇಟ್ಟೆ. ಆಗ ಅವಳ ತಲೆಯ ಮೇಲಿಂದ ನಾನು ನಿನ್ನತ್ತ ನೋಡಿದ ನೋಟ ನಿನಗೆ ಅರ್ಥವಾಗಿರಬೇಕು. ಗೆದ್ದವನ ನೋಟ ಅದು.

ಮೊದಲು ದೋಣಿಗೆ ಹೋದೆವು. ಡಾಲ್ಫಿನ್ ತೋರಿಸುತ್ತೇನೆಂದು ದೋಣಿಯವನು ಮುಕ್ಕಾಲು ಗಂಟೆ ಸುತ್ತಿಸಿದ. ಬಂಡೆಯ ಮೇಲೆ ರೆಕ್ಕೆ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳನ್ನು ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ಇದಕ್ಕಿಂತ ಹೆಚ್ಚು ಮೀನು ನಮ್ಮ ಮಾರ್ಕೆಟ್ಟಿನಲ್ಲೇ ಕಾಣುತ್ತದೆ ಎಂದು ದೋಣಿಯವನ ಬೆವರಿಳಿಸಿದರು. ನಮ್ಮ ಮಗಳು ಮಾತ್ರ ತುಂಬಾ ಚೆನ್ನಾಗಿದೆ ಎಂದಳು. ಬಲೂನು ಒಡೆದರೆ ಎರಡು ದಿನ ರಾಗ ಎಳೆದು ಪಿಟೀಲು ಎಂಬ ಹೆಸರು ಪಡೆದವಳು, ನೀರು ಚೆನ್ನಾಗಿದೆ, ದೋಣಿ ಚೆನ್ನಾಗಿದೆ, ಬಿಸಿಲೂ ಚೆನ್ನಾಗಿದೆ ಎಂದಳು. ಒಂದು ಸಲವೂ ಹಟ ಮಾಡಲಿಲ್ಲ. ದೊಡ್ಡವಳಾಗಿದ್ದಾಳೆ ಎಂದುಕೊಂಡೆ.

ಆಮೇಲೆ ನಾನು ಕೆಲಸ ಮಾಡುವ ಕಡಲಪ್ರಾಣಿಗಳ ಉದ್ಯಾನ. ಸಿಬ್ಬಂದಿಯ ಮಕ್ಕಳಿಗೆ ವರ್ಷಕ್ಕೊಂದು ಪಾಸು ಕೊಡುತ್ತಾರೆ; ಅವಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ. ಹನ್ನೊಂದು ಗಂಟೆಯ ಆಟದಲ್ಲಿ ನಾನು ಸೀಟಿ ಊದುತ್ತೇನೆ, ಕಡಲಸಿಂಹ ನೀರಿನಿಂದ ಮೇಲೆ ಹಾರಿ ಬಂದು ನನ್ನ ಹೆಗಲ ಮೇಲೆ ಗದ್ದ ಊರುತ್ತದೆ, ಕೆನ್ನೆಗೆ ಮುತ್ತು ಕೊಡುತ್ತದೆ. ಅದರ ಮೀಸೆ ನೋಡಿ ನಾವು ಅದನ್ನು ಸುಬೇದಾರ ಅನ್ನುತ್ತೇವೆ. ಸುಬೇದಾರ ಮುತ್ತು ಕೊಟ್ಟಾಗ ಜನರೆಲ್ಲ ಅಯ್ಯೋ ಎಂದು ಕರಗಿಹೋದರು. ಮಗಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಪಕ್ಕದವರಿಗೆ ಅವರು ನಮ್ಮಪ್ಪ ಎಂದಳು. ಆ ಗಳಿಗೆಯಲ್ಲಿ ನನಗೆ ಬೇರೇನೂ ಬೇಕಿರಲಿಲ್ಲ.

ಆಟ ಮುಗಿದ ಮೇಲೆ ಅವಳನ್ನು ಹಿಂದಿನ ಕೋಣೆಗೆ ಕರೆತಂದೆ. ಅಲ್ಲಿ ಮೇಷ್ಟ್ರು ಬಕೆಟ್ ತೊಳೆಯುತ್ತಿದ್ದರು. ಪ್ರಾಣಿಗಳಿಗೂ ನನಗೂ ವಿದ್ಯೆ ಕಲಿಸಿದವರಾದ್ದರಿಂದ ಅವರಿಗೆ ಆ ಹೆಸರು. ಸುಬೇದಾರನಿಗೆ ಅಪ್ಪನ ಮೇಲೆ ಯಾಕಷ್ಟು ಪ್ರೀತಿ ಎಂದು ಇವಳು ಕೇಳಿದಳು. ಮೇಷ್ಟ್ರು ಪಾಪ, ಕಪಟವಿಲ್ಲದ ಮನುಷ್ಯ. "ಪ್ರೀತಿ ಗೀತಿ ಏನಿಲ್ಲ ಮಗು. ನಿನ್ನೆ ಮಧ್ಯಾಹ್ನದಿಂದ ಅದಕ್ಕೆ ಏನೂ ಹಾಕಿಲ್ಲ. ಹೊಟ್ಟೆ ತುಂಬಿದ್ರೆ ನಿಮ್ಮಪ್ಪ ಯಾರು ಅಂತ್ಲೂ ಕೇಳಲ್ಲ ಅದು" ಎಂದು ನಕ್ಕರು. ನಾನೂ ನಕ್ಕೆ. ಇವಳು ನಗಲಿಲ್ಲ. "ಬೇಕಂತಲೇ ಹಾಕಿಲ್ಲ ಅಂತ ಅದಕ್ಕೆ ಗೊತ್ತಾ?" ಎಂದು ಕೇಳಿದಳು. ಗೊತ್ತಾದರೆ ನಮ್ಮ ಕೆಲಸ ಕೆಟ್ಟಿತು ಎಂದರು ಮೇಷ್ಟ್ರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಯಾಕೆಂದು ಹೇಳುತ್ತೇನೆ.

ಒಂಬತ್ತು ಭಾನುವಾರ ಸಂಜೆ ಆರು ಗಂಟೆಗೆ ಅವಳು ಫೋನ್ ಮಾಡಿದಾಗ ನನಗೆ ಕೆಲಸವಿರಲಿಲ್ಲ. ರೂಮಿನಲ್ಲೇ ಇದ್ದೆ. ಫೋನನ್ನು ಸ್ಟೂಲಿನ ಮೇಲಿಟ್ಟು, ಅದು ಹೊಡೆದುಕೊಂಡು ಸುಮ್ಮನಾಗುವವರೆಗೂ ಎದುರಿಗೆ ಕೂತು ನೋಡುತ್ತಿದ್ದೆ. ಅದಕ್ಕೂ ಮೊದಲು ನಾನು ಎತ್ತುತ್ತಿದ್ದ ದಿನಗಳಲ್ಲಿ ಅವಳ ಮಾತು ಎರಡು ನಿಮಿಷಕ್ಕೆ ಇಳಿದಿತ್ತು. ಹೂಂ, ಊಟ ಆಯ್ತು, ಫ್ರೆಂಡ್ ಕರೀತಿದ್ದಾಳೆ, ಇಡ್ಲಾ? ನ್ಯಾಯಾಧೀಶರ ಮುಂದೆಯೂ ಹಾಗೇ, ಆಟದ ಮಧ್ಯೆ ಹೇಳಿದಂತೆ, ಅಮ್ಮನ ಹತ್ತಿರ ಎಂದುಬಿಡುತ್ತಾಳೆ ಅನ್ನಿಸಿತು. ನನಗೆ ಬರುವ ವಿದ್ಯೆ ಒಂದೇ. ಅದನ್ನೇ ಮಾಡಿದೆ. ವಕೀಲರು ಹೇಳಿಕೊಟ್ಟದ್ದಲ್ಲ, ಸ್ವಂತ ಬುದ್ಧಿ.

ಮೊದಲ ಭಾನುವಾರ ಒಂದು ಸಲ ರಿಂಗಾಯಿತು. ಆರನೆಯ ಭಾನುವಾರ ಏಳು ಸಲ. ಹೆಚ್ಚಾದಷ್ಟೂ ನನಗೆ ಸಮಾಧಾನವಾಯಿತು. ಮಗು ಕಿಟಕಿ ಬಿಟ್ಟು ಏಳುತ್ತಿಲ್ಲ, ಒಂದೇ ಒಂದು ಮಾತು ಆಡು ಎಂದು ನೀನು ಮೆಸೇಜು ಹಾಕಿದ್ದೆ. ಅದನ್ನೂ ಓದಿ ಸುಮ್ಮನಿದ್ದೆ. ಇದಕ್ಕೆ ನೀನು ಏನು ಹೆಸರಿಡುತ್ತೀಯೋ ಇಡು, ನಾನು ವಾದಿಸುವುದಿಲ್ಲ.

ಮಧ್ಯಾಹ್ನ ಸಮುದ್ರದ ಎದುರಿನ ಹೋಟೆಲಿನಲ್ಲಿ ಕೂತೆವು. ನಾನು ತರಿಸಿದ್ದನ್ನೆಲ್ಲ ತಿಂದಳು. ಬಟಾಣಿ ಕಂಡರೆ ಮೂಗು ಮುರಿಯುವವಳು ಅದನ್ನೂ ತಿಂದಳು. ಸಾಕಾ ಎಂದರೆ, ನೀನು ಹೇಳಿದರೆ ಇನ್ನೂ ತಿನ್ನುತ್ತೇನೆ ಎಂದಳು. ಐಸ್‌ಕ್ರೀಂ ಕೊಡಿಸಿದೆ, ಅದನ್ನೂ ಮುಗಿಸಿದಳು.

ದೀಪಸ್ತಂಭದ ಮೆಟ್ಟಿಲು ಹತ್ತಿ ಮೇಲೆ ನಿಂತಾಗ ಗಾಳಿ ಜೋರಾಗಿತ್ತು. ಇಡೀ ಊರು, ಬಂದರು, ನಮ್ಮ ಕೊಳ ಎಲ್ಲ ಕಾಣುತ್ತಿತ್ತು. ಅವಳು ಯಾವುದನ್ನೂ ನೋಡುತ್ತಿರಲಿಲ್ಲ. "ನಾನು ಫೋನ್ ಮಾಡಿದಾಗ ನಿಂಗೆ ಕೇಳಿಸ್ತಿತ್ತಾ ಅಪ್ಪ?" ಎಂದಳು. ಕೇಳಿಸುತ್ತಿರಲಿಲ್ಲ, ಫೋನ್ ಕೆಟ್ಟಿತ್ತು ಎಂದೆ. ನಂಬಿದಳು. ಅಥವಾ ನಂಬಿದೆ ಎಂದಳು. "ನಾನೇ ಏನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ. ಹಂಗೇನಿಲ್ಲ, ಅಪ್ಪಂಗೆ ಕೆಲಸ ಜಾಸ್ತಿ ಅಂತ ಅಮ್ಮ ಹೇಳಿದ್ಲು" ಎಂದಳು. ನನ್ನ ಮಾನವನ್ನು ಅಷ್ಟು ದಿನ ನೀನು ಕಾಪಾಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಕಾಪಾಡುತ್ತಿರಲಿಲ್ಲ.

ಐದು ಗಂಟೆಯ ಬಸ್ಸಿನಲ್ಲಿ ನಿಮ್ಮೂರಿಗೆ ಹೊರಟೆವು. ಎರಡನೆಯ ತಿರುವಿನಲ್ಲಿ ಅವಳು ತಿಂದದ್ದೆಲ್ಲ ನನ್ನ ತೊಡೆಯ ಮೇಲೆ ಕಕ್ಕಿಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಎರಡೂ ಅಂಗೈಯಿಂದ ಒರೆಸತೊಡಗಿದಳು. "ಬೈಬೇಡ ಅಪ್ಪ, ನಾನೇ ಕ್ಲೀನ್ ಮಾಡ್ತೀನಿ" ಎಂದಳು. ನಾನು ಬೈಯುವುದಿಲ್ಲ ಎಂದೆ. ನೀರು ತೆಗೆದು ಅವಳ ಕೈ ತೊಳೆದೆ, ಫ್ರಾಕು ತೊಳೆದೆ. ಆಮೇಲೆ ಅವಳು ಮೆಲ್ಲಗೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಜಡ್ಜ್ ಕೇಳಿದ್ರೆ ಅಪ್ಪನ ಹತ್ರ ಇರ್ತೀನಿ ಅಂತ ಹೇಳ್ತೀನಿ. ಆಗ ಫೋನ್ ಎತ್ತೀಯಲ್ಲ?"

ಬೆಳಿಗ್ಗೆ ಅವಳು ಕೇಳಿದ ಪ್ರಶ್ನೆ ಸುಬೇದಾರನ ಬಗ್ಗೆ ಆಗಿರಲಿಲ್ಲ. ಎಲ್ಲ ಗೊತ್ತಾಗಿದೆ ಅವಳಿಗೆ. ಗೊತ್ತಾಗಿಯೂ ಕೆಲಸ ಕೆಟ್ಟಿಲ್ಲ. ಒಂಬತ್ತು ವರ್ಷದ ಮಗು ತನ್ನ ಅಮ್ಮನನ್ನು ಬಿಟ್ಟುಕೊಟ್ಟು ಒಂದು ಫೋನ್ ಕರೆ ಕೇಳುತ್ತಿದೆ. ಹಾಗೆಲ್ಲ ಹೇಳಬೇಕಾಗಿಲ್ಲ ಪುಟ್ಟಾ, ನೀನು ಎಲ್ಲಿದ್ದರೂ ಎತ್ತುತ್ತೇನೆ ಎಂದು ನಾನು ಹೇಳಿರಬಹುದು ಎಂದು ನೀನು ಅಂದುಕೊಳ್ಳಬೇಡ. ನಾನು ಆಗಲಿ ಎಂದೆ. ತಲೆ ಸವರಿದೆ. ನಿನ್ನ ಕೈಗೆ ಒಪ್ಪಿಸುವಾಗ ಫ್ರಾಕು ಯಾಕೆ ಒದ್ದೆ ಎಂದು ಕೇಳಿದೆಯಲ್ಲ, ದೋಣಿಯಲ್ಲಿ ನೀರು ಹಾರಿತು ಎಂದೆ. ಅವಳೂ ಹೌದು ಎಂದು ತಲೆಯಾಡಿಸಿದಳು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಗುರುವಾರ ಅವಳು ಏನೇ ಹೇಳಲಿ, ಭಾನುವಾರ ಆರು ಗಂಟೆಗೆ ಅಪ್ಪ ಫೋನ್ ಎತ್ತುತ್ತಾನೆ ಎಂದು ಅವಳಿಗೆ ಹೇಳು. ಅದನ್ನು ಬುಧವಾರದೊಳಗೇ ಹೇಳು. ನಾನು ಹೇಳಿದರೆ ಅದನ್ನೂ ಆಟ ಎಂದುಕೊಳ್ಳುತ್ತಾಳೆ. ನೀನು ಹೇಳಿದರೆ ನಂಬುತ್ತಾಳೆ.

ಇಂತು,
ಅವಳ ಅಪ್ಪ

ತಾ.ಕ.: ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಬೇಕೆಂದೇ ಕಾಗದದ ಮೇಲೆ ಬರೆದು ಪುಟ ಪುಟಕ್ಕೂ ಸಹಿ ಹಾಕಿದ್ದೇನೆ. ಇವತ್ತೇ ನಿನ್ನ ವಕೀಲರ ಕೈಗೆ ಕೊಡು. ನನ್ನ ಬುದ್ಧಿ ನಿನಗೂ ಗೊತ್ತು, ನನಗೂ ಗೊತ್ತು. ಬುಧವಾರದ ಹೊತ್ತಿಗೆ ನಾನು ಮನಸ್ಸು ಬದಲಿಸಿ ನಿನ್ನ ಬಾಗಿಲಿಗೆ ಬಂದು ಇದನ್ನು ವಾಪಸ್ ಕೇಳುತ್ತೇನೆ. ಅತ್ತರೂ ಕೊಡಬೇಡ.