ಇರುವೆಯೊಂದನ್ನು ಬಿಟ್ಟು

ಮಾರ್ಚ್ 4, ಮಂಗಳವಾರ. ಬೆಳಗ್ಗೆ 7

ಹಾಲ್‌ನ ಪ್ರಿಂಟುಗಳ ಧೂಳು ಒರೆಸಿದ್ದಾಯಿತು. ಒಟ್ಟು ಹನ್ನೊಂದು. ಎಲ್ಲವೂ ಬೀದಿ ಗೋಡೆಗಳ ಮೇಲೆ ಚಿತ್ರ ಬರೆಯುವವರದ್ದು. ಸ್ಕ್ರೀನ್ ಪ್ರಿಂಟ್ ತೆಗೆದ ಮೇಲೆ ಪ್ರತಿ ಹಾಳೆಗೂ ಕೈಯಿಂದ ಒಂದಿಷ್ಟು ಬಣ್ಣ ಹಚ್ಚುತ್ತಾರೆ. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಇದನ್ನು ಅತ್ತೆಗೆ ಹನ್ನೊಂದು ಸಲ ವಿವರಿಸಿದ್ದೇನೆ.

ಇವತ್ತೂ ಅಂದರು: "ಗೋಡೆ ಮೇಲೆ ಗೀಚಿದ್ದನ್ನ ಅಳಿಸಿ ನನ್ನ ಮಗ ಸಂಬಳ ತರ್ತಾನೆ. ಅದನ್ನೇ ಕಾಗದದ ಮೇಲೆ ಗೀಚಿದ್ರೆ ಸೊಸೆ ದುಡ್ಡು ಕೊಟ್ಟು ತರ್ತಾಳೆ. ಒಳ್ಳೇ ಜೋಡಿ."

ಸುಳ್ಳೇನಲ್ಲ. ನಮ್ಮನೆಯವರಿಗೆ ನಗರಸಭೆಯಲ್ಲಿ ಅದೇ ಕೆಲಸ — ಚಿತ್ರ ಬರೆದ ಗೋಡೆಗಳಿಗೆ ಬೂದು ಬಣ್ಣ ಬಳಿಯುವುದು.

ಮಾರ್ಚ್ 6, ಗುರುವಾರ

ಕೆಳಸೇತುವೆ ಗೋಡೆಯ ತಿಮಿಂಗಿಲ ಹೋಯಿತು. ಬಟ್ಟೆ ಒಣಹಾಕುತ್ತಿದ್ದ ಆ ತಿಮಿಂಗಿಲ... ದಿನಾ ಕೆಲಸಕ್ಕೆ ಹೋಗುವಾಗ ನೋಡಿ ನಗುತ್ತಿದ್ದೆ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಸಹಿಯ ಬದಲು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕೆಂಪು ಇರುವೆ ಬರೆಯುತ್ತಾನೆ. ನಾನು ಇರುವೆಪ್ಪ ಅನ್ನುತ್ತೇನೆ. ಅವನ ಪ್ರಿಂಟ್ ಮಾತ್ರ ನನ್ನ ಹತ್ತಿರ ಒಂದೂ ಇಲ್ಲ.

"ಯಾರು ಅಳಿಸಿದ್ದು?"

"ನಾನೇ." ಸಾಕ್ಸ್ ಬಿಚ್ಚುತ್ತಾ. "ಆರ್ಡರ್ ಬಂದಿತ್ತು ಕಣೇ."

"ಕೈಯಾದ್ರೂ ಹೇಗೆ ಬಂತು ರೀ ನಿಮಗೆ?"

"ಕೈಯಲ್ಲಿ ರೋಲರ್ ಇತ್ತು."

ಮಾತು ಬಿಟ್ಟಿದ್ದೇನೆ.

ಮಾರ್ಚ್ 16, ಭಾನುವಾರ

ಇನ್ನೂ ಮಾತಿಲ್ಲ. ಉಪ್ಪು ಬೇಕೆಂದರೂ ಅತ್ತೆಯ ಮೂಲಕ. "ನಾನೇನು ಪೋಸ್ಟಾಫೀಸಾ?" ಅಂದರು.

ಆದರೆ ಸುದ್ದಿ ಇದೆ. ಪ್ರಿಂಟ್ ಅಂಗಡಿಯಾಕೆ ಫೋನ್ ಮಾಡಿದ್ದರು. ಅದೇ ತಿಮಿಂಗಿಲ, ಇರುವೆಪ್ಪನ ಪ್ರಿಂಟ್ ಆಗಿ ಬರುತ್ತಿದೆ. ನಲವತ್ತೇ ಪ್ರತಿ. ಕೇಳಿದವರು ಮುನ್ನೂರು ಜನ. ಶನಿವಾರ ಚೀಟಿ ಎತ್ತುತ್ತಾರಂತೆ. ಇದು ನನಗೆ ಸಿಗಲೇಬೇಕು. ಗೋಡೆಯ ಮೇಲಿದ್ದದ್ದಂತೂ ಹೋಯಿತು, ಇದಾದರೂ ಮನೆಯಲ್ಲಿರಲಿ.

ಇವರಿಗೆ ಭಾನುವಾರವೂ ಡ್ಯೂಟಿ. ಮೊಣಕೈವರೆಗೆ ಬೂದು ಮಾಡಿಕೊಂಡು ಬಂದರು. ಇವತ್ತು ಯಾವ ಗೋಡೆಯ ಗ್ರಹಚಾರವೋ.

ಮಾರ್ಚ್ 22, ಶನಿವಾರ. ಸಂಜೆ 6

ಸಿಗಲಿಲ್ಲ.

ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು. ಬರೆದುಕೊಳ್ಳಲಿಕ್ಕೇನು ನಾಚಿಕೆ. ಅಂಗಡಿಯಾಕೆ ಪಾಪ, ಗೋಡೆಗೆ ಹಾಕಿದ್ದ ಪ್ರತಿಯನ್ನು ಹತ್ತಿರದಿಂದ ನೋಡಲು ಬಿಟ್ಟರು. ತಿಮಿಂಗಿಲದ ಅರ್ಧ ಮೈಗೆ ಬೂದು ಬಳಿದಿದೆ — ಗೋಡೆಗೆ ಆದ ಗತಿಯೇ. ಮೂಲೆಯ ಇರುವೆ ಮಾತ್ರ ಹಾಗೇ ಇದೆ.

"ಆ ಬೂದು ಕಲಾವಿದರ ಕೈಯದಲ್ಲ," ಅಂದರು. "ಯಾರೋ ಪಳಗಿದವರನ್ನ ಕರೆಸಿ ಬಳಿಸಿದ್ರಂತೆ. ಟೇಪ್ ಹಾಕದೆ ಇಷ್ಟು ನೇರ ಎಳೆಯೋರು ಸಿಗಲ್ವಂತೆ."

ಬಗ್ಗಿ ನೋಡಿದೆ. ಕನ್ನಡಕದಂಗಡಿಯಲ್ಲಿ ಹದಿನಾಲ್ಕು ವರ್ಷ ಪಳಗಿದ ಕಣ್ಣು ನನ್ನದು. ಬಲ ಅಂಚಿನಲ್ಲಿ, ರೋಲರ್ ಎತ್ತಿದ ಕಡೆ, ಬಣ್ಣ ಉಗುರಿನಷ್ಟು ಕೊಕ್ಕೆಯಂತೆ ಬಾಗಿದೆ. ಅದೇ ಕೊಕ್ಕೆ ಇವರು ಬಣ್ಣ ಬಳಿದ ನಮ್ಮ ಅಡುಗೆಮನೆ ಗೋಡೆಯಲ್ಲೂ ಇದೆ. ಪಾತ್ರೆ ತೊಳೆಯುತ್ತಾ ದಿನಾ ನೋಡುತ್ತೇನೆ.

ಕೆಳಸೇತುವೆ ದಾರಿಯಲ್ಲಿ ಬಂದೆ. ಸಿಟ್ಟಿಗೆ ಇಷ್ಟು ದಿನ ಆ ಕಡೆ ತಲೆ ಹಾಕಿರಲಿಲ್ಲ. ಗೋಡೆಯೆಲ್ಲ ಬೂದು. ಮೂಲೆಯಲ್ಲಿ ಕೆಂಪು ಇರುವೆ. ನೀರಿನ ಟ್ಯಾಂಕಿನ ಗೋಡೆಯಲ್ಲೂ ಇತ್ತು. ಬಸ್ ಡಿಪೋ ಹಿಂದೆಯೂ. ಎಷ್ಟು ವರ್ಷದಿಂದ ಹೀಗೆ ಬಿಡುತ್ತಾ ಬಂದಿದ್ದಾರೋ ಈ ಮನುಷ್ಯ. ನಾನು ಒಂದು ದಿನವಾದರೂ ನಿಂತು ನೋಡಲಿಲ್ಲ.

ಅದೇ ದಿನ, ಊಟವಾದ ಮೇಲೆ

"ಇರುವೆ ಯಾಕೆ ಬಿಟ್ರಿ?" ಹದಿನಾರು ದಿನದ ಮೇಲೆ ಮೊದಲ ಮಾತು.

ತಟ್ಟೆಯಿಂದ ತಲೆ ಎತ್ತಲಿಲ್ಲ. "ಚಿತ್ರ ಅಳಿಸಿ ಅಂತ ಆರ್ಡರ್. ಇರುವೆ ವಿಷಯ ಬರೆದಿರ್ಲಿಲ್ಲ."

"ರೀ..."

"ನಿಂಗಿಷ್ಟ ಅಲ್ವೇನೇ ಅದು."

ಕೈ ತೊಳೆದು ಬಂದು ಬೀರುವಿನ ಹಿಂದಿನಿಂದ ಉದ್ದನೆಯ ಕೊಳವೆ ತೆಗೆದರು. ಅಳಿಸದೆ ಬಿಟ್ಟ ಇರುವೆಗಳನ್ನು ನೋಡಿ ಇರುವೆಪ್ಪನೇ ಇವರನ್ನು ಹುಡುಕಿಕೊಂಡು ಬಂದಿದ್ದನಂತೆ. ನಲವತ್ತು ಹಾಳೆಗೂ ಬೂದು ಬಳಿದದ್ದು ಇವರೇ, ಹೋದ ಭಾನುವಾರ. ಕೂಲಿ ಬೇಡ, ಹೆಚ್ಚಿಗೆ ತೆಗೆದ ಒಂದು ಹಾಳೆ ಇದ್ದರೆ ಕೊಡಿ ಅಂದರಂತೆ.

"ಆರು ದಿನದಿಂದ ಮನೇಲೇ ಇದೆ. ಯಾಕ್ರೀ ಕೊಡ್ಲಿಲ್ಲ?"

"ನೀನು ಮಾತು ಬಿಟ್ಟಿದ್ದೆ. ಮಾತಾಡ್ಲಿ, ಆಮೇಲೆ ಕೊಡೋಣ ಅಂತ."

"ಕೊಟ್ಟಿದ್ರೆ ಮಾತಾಡ್ತಿದ್ನಲ್ರೀ."

"ಇಬ್ಬರಿಗೂ ಸೇರಿ ಒಂದು ಬುದ್ಧಿ ಇದ್ದಿದ್ರೆ..." ಅನ್ನುತ್ತಾ ಅತ್ತೆ ಎದ್ದು ಹೋದರು. ನನಗೆ ಅಳು ಬಂತು, ಇವರಿಗೆ ನಗು.

ಮಾರ್ಚ್ 30, ಭಾನುವಾರ. ಬೆಳಗ್ಗೆ 10

ಫ್ರೇಮ್ ಬಂತು. ಅಂಚಿನಲ್ಲಿ ಪೆನ್ಸಿಲಿನ ಇರುವೆ. ಅದರ ಪಕ್ಕ ನಮ್ಮನೆಯವರ ಸಹಿ — ಹಾಜರಿ ಪುಸ್ತಕದಲ್ಲಿ ಹಾಕುವ ಅದೇ ಗೀಚು. ಎರಡು ಸಹಿ ಇರುವುದು ಇದೊಂದಕ್ಕೇ, ಇರುವೆಪ್ಪ ಹಟ ಮಾಡಿ ಹಾಕಿಸಿದನಂತೆ. ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಆ ಮೀನಿಗಿಂತ ಬೂದು ಚೆನ್ನಾಗಿದೆ" ಅಂದರು.

ಮೊಳೆ ಹೊಡೆದಾಯಿತು. ಹಾಲ್‌ನಿಂದ ಕರೆಯುತ್ತಿದ್ದಾರೆ, ಸೊಟ್ಟ ಇದೆಯಾ ಬಂದು ನೋಡು ಅಂತ. ಅವರ ಕೈಯಲ್ಲಿ ಸೊಟ್ಟ ಬರುವುದುಂಟೇ. ಆದರೂ ಹೋಗಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಂತ ಒಂದರ್ಧ ಗಂಟೆ—